ಬೌಲಿಂಗ್ ಚಾಲು

ಶಿಡ್ಲಘಟ್ಟ
೧೦ ನವೆಂಬರ್ ೧೯೫೯

ಪ್ರೀತಿಯ ಭಾವನವರಿಗೆ ಅಂಜಿನಿಯ ನಮಸ್ಕಾರಗಳು.

ಎಲ್ಲರೂ ಕ್ಷೇಮವೆಂದು ಬರೆದು ಆಮೇಲೆ ವಿಷಯಕ್ಕೆ ಬರಬೇಕು. ಅಮ್ಮ ಕ್ಷೇಮ. ನನ್ನ ಮಟ್ಟಿಗೆ ಆ ಮಾತು ಬರೆಯಲು ಕೈ ಬರುತ್ತಿಲ್ಲ.

ಭಾನುವಾರ ನಡೆದದ್ದನ್ನು ನೀವೇ ಕಣ್ಣಾರೆ ನೋಡಿದಿರಿ. ನೋಡಿದ್ದೇನು, ಅರ್ಧದಷ್ಟು ನೀವೇ ಮಾಡಿದಿರಿ! ಹನ್ನೊಂದು ಓವರ್, ಎಪ್ಪತ್ತನಾಲ್ಕು ರನ್, ವಿಕೆಟ್ ಸೊನ್ನೆ. ನಮ್ಮ ನಾಲ್ಕು ಊರುಗಳ ಲೀಗ್ ಶುರುವಾಗಿ ಆರು ವರ್ಷವಾಯಿತು, ಒಂದು ಸಲವೂ ನಾನು ಬರಿಗೈಯಲ್ಲಿ ಮನೆಗೆ ಬಂದವನಲ್ಲ. ಆ ಆರು ವರ್ಷವೂ ಸ್ಟಂಪಿನ ಹಿಂದೆ ನೀವಿದ್ದಿರಿ. ಜೂನಿನಲ್ಲಿ ನೀವು ಗೌರಿಬಿದನೂರಿನ ಎಣ್ಣೆ ಮಿಲ್ಲಿಗೆ ಇಂಜಿನ್ ನೋಡಿಕೊಳ್ಳಲು ಹೊರಟಾಗ ಮಗಳು ಹೋಗುತ್ತಾಳೆಂದು ಅಮ್ಮ ಅತ್ತಳು, ಕೀಪರ್ ಹೋಗುತ್ತಾರೆಂದು ನಾನು ಅತ್ತೆ. ನೀವು ಆ ಊರಿನ ಟೀಮಿಗೇ ಸೇರಿ ನನ್ನ ಎದುರು ಬ್ಯಾಟ್ ಹಿಡಿದು ನಿಲ್ಲುತ್ತೀರೆಂದು ಆಗ ಹೊಳೆದಿರಲಿಲ್ಲ.

ನೀವು ಹೊಡೆದದ್ದಕ್ಕೆ ನನಗೆ ಬೇಜಾರಿಲ್ಲ. ನನ್ನ ಗೂಗ್ಲಿಯನ್ನು ಮಣಿಕಟ್ಟು ನೋಡಿಯೇ ಗುರುತಿಸುವವರು ಇಡೀ ಜಿಲ್ಲೆಯಲ್ಲಿ ನೀವೊಬ್ಬರೇ ಎಂದು ನಮ್ಮ ಕ್ಯಾಪ್ಟನ್ ಬಯ್ಯಪ್ಪ ಮೇಷ್ಟ್ರು ಊರಿಗೆಲ್ಲ ಹೇಳಿಕೊಂಡು ಬಂದಿದ್ದಾರೆ. ಆದರೆ ನಿಮ್ಮ ಕ್ಯಾಪ್ಟನ್ ಕೋನಪ್ಪ? ಹೋದ ವರ್ಷ ಅವನು ಅದೇ ಗೂಗ್ಲಿಗೆ ಎರಡು ಸಲ ಬೋಲ್ಡ್ ಆದವನು. ಹೊರಕ್ಕೆ ತಿರುಗುತ್ತದೆಂದು ಕಾದವನ ಒಳಕ್ಕೆ ಚೆಂಡು ನುಗ್ಗಿದರೆ ಬಾಯಿ ಬಿಟ್ಟುಕೊಂಡು ನಿಲ್ಲುತ್ತಿದ್ದ. ಈ ಸಲ ಚೆಂಡು ನನ್ನ ಕೈ ಬಿಡುವ ಮುಂಚೆಯೇ ತಯಾರಾಗಿ ನಿಂತಿದ್ದ. ಕೊನೆಯಲ್ಲಿ ಬಂದ ನಿಮ್ಮ ಮಿಲ್ಲಿನ ಲಾರಿ ಡ್ರೈವರ್ ಕೂಡ ಹಾಗೆಯೇ. ನನ್ನಲ್ಲಿ ಏನೋ ಕೆಟ್ಟಿದೆ. ಏನೆಂದು ನೀವೇ ಹೇಳಬೇಕು, ಬೇರೆ ಯಾರಿಗೂ ಅದು ಗೊತ್ತಾಗುವುದಿಲ್ಲ.

ಇನ್ನೊಂದು ಮಾತು. ಆಟ ಮುಗಿದ ಮೇಲೆ ಮನೆಗೆ ಬರುತ್ತೀರೆಂದು ಅಮ್ಮ ಕೋಳಿ ಸಾರು ಮಾಡಿ ಕಾದಳು. ನೀವು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು, ನಮ್ಮ ಮನೆಯ ತೆಲುಗಿನಲ್ಲಿ "ಚಾಲು ಅತ್ತಮ್ಮಾ, ಚಾಲು" ಎಂದು ಬೇಡಿಕೊಳ್ಳುವುದು, ಅವಳು ಕೇಳದೆ ಇನ್ನೊಂದು ಮುದ್ದೆ ಇಟ್ಟುಬಿಡುವುದು, ಇದನ್ನೆಲ್ಲ ನೋಡಿ ಐದು ತಿಂಗಳಾಯಿತು. ನೀವು ಟೀಮಿನ ಜೊತೆ ಲಾರಿ ಹತ್ತಿ ಹೊರಟುಹೋದಿರಂತೆ. ಅವಸರವಿತ್ತೆಂದು ಅಮ್ಮನಿಗೆ ಹೇಳಿದ್ದೇನೆ.

ಅಕ್ಕನಿಗೆ ನಮಸ್ಕಾರ.

ನಿಮ್ಮ
ರಾಮಾಂಜಿನಪ್ಪ


ಗೌರಿಬಿದನೂರು
೧೮ ನವೆಂಬರ್ ೧೯೫೯

ಚಿರಂಜೀವಿ ಅಂಜಿಗೆ ನಿನ್ನ ಭಾವನ ಆಶೀರ್ವಾದ.

ಒಂದು ಆಟ ಕೆಟ್ಟದ್ದಕ್ಕೆ ಇಷ್ಟುದ್ದ ಕಾಗದವೇನಯ್ಯ? ಗೊತ್ತಾದ ಮದುವೆ ಮುರಿದುಬಿದ್ದವರೂ ಇಷ್ಟು ಬರೆಯುವುದಿಲ್ಲ.

ಅತ್ತೆಯವರಿಗೆ ನನ್ನ ಪರವಾಗಿ ತಪ್ಪಾಯಿತೆಂದು ಹೇಳು. ಕಡಲೆಕಾಯಿ ಸುಗ್ಗಿ. ಮಿಲ್ ಎರಡು ಪಾಳಿ ನಡೆಯುತ್ತಿದೆ. ಸೋಮವಾರ ಬೆಳಗಿನ ಆರು ಗಂಟೆಗೆ ಇಂಜಿನ್ ಶುರು ಮಾಡಬೇಕಾದವನು ನಾನು. ಆ ಲಾರಿ ಬಿಟ್ಟಿದ್ದರೆ ಬರಲಾಗುತ್ತಿರಲಿಲ್ಲ.

ಇನ್ನು ನಿನ್ನ ಬೌಲಿಂಗ್. ನಿನ್ನನ್ನು ಬ್ಯಾಟ್ ಹಿಡಿದು ಎದುರಿನಿಂದ ನೋಡಿದ್ದು ನನಗೂ ಇದೇ ಮೊದಲು. ನಿನ್ನ ತೋಳು ಕೆಳಗಿಳಿದಿದೆ. ಅದೇ ಕಾರಣ, ಬೇರೇನೂ ಇಲ್ಲ. ತೋಳು ಕಿವಿಗೆ ತಾಗುವ ಹಾಗೆ ಎತ್ತಿ ಹಾಕು. ಆ ದಿನ ಪಿಚ್ಚಿನ ಮ್ಯಾಟನ್ನೂ ಮೊಳೆ ಹೊಡೆದು ಬಿಗಿಯಾಗಿ ಎಳೆದಿರಲಿಲ್ಲ, ಚೆಂಡು ಕಚ್ಚದೆ ಜಾರುತ್ತಿತ್ತು. ಕೋನಪ್ಪನ ಅದೃಷ್ಟ ಚೆನ್ನಾಗಿತ್ತು. ಅವನ ಯೋಚನೆ ಬಿಟ್ಟುಬಿಡು.

"ಅಂಜಿಗೆ ಏನಾಯ್ತೂಂತ ಸರಿಯಾಗಿ ಬರೀರಿ, ಸುಮ್ಮನೆ ತಮಾಷೆ ಮಾಡ್ಬೇಡಿ" ಎಂದು ನಿಮ್ಮಕ್ಕ ಬೆನ್ನ ಹಿಂದೆಯೇ ನಿಂತಿದ್ದಾಳೆ. ಸರಿಯಾಗಿಯೇ ಬರೆದಿದ್ದೇನೆ.

ಇತಿ
ವೆಂಕಟರಾಯಪ್ಪ


ಶಿಡ್ಲಘಟ್ಟ
೧ ಡಿಸೆಂಬರ್ ೧೯೫೯

ಪ್ರೀತಿಯ ಭಾವನವರಿಗೆ ನಮಸ್ಕಾರಗಳು.

ನಿಮ್ಮ ಕಾಗದ ಬಂದ ದಿನದಿಂದ ನಾನು ರೇಷ್ಮೆ ನೂಲು ಬಿಚ್ಚುವ ಚರಕದ ಮನೆಯ ಹಿಂದಿನ ಗೋಡೆಗೆ ಚೆಂಡು ಹಾಕಿದ್ದೇ ಹಾಕಿದ್ದು. ತೋಳನ್ನು ಕಿವಿಗೆ ತಾಗಿಸಿ ತಾಗಿಸಿ ಭುಜ ಊದಿಕೊಂಡಿತು. ಅಮ್ಮ ಬಿಸಿ ಎಣ್ಣೆ ತಿಕ್ಕಿದಳು. ಅಷ್ಟು ಮಾಡಿಕೊಂಡು ಮೊನ್ನೆ ಭಾನುವಾರ ಚಿಕ್ಕ ರೈಲಿನಲ್ಲಿ ಚಿಂತಾಮಣಿಗೆ ಹೋದೆವು.

ಭಾವ, ಮೊದಲು ಗೂಗ್ಲಿ ಒಂದೇ ಹೋಗಿತ್ತು. ಈಗ ಹೊರಕ್ಕೆ ತಿರುಗುವ ಲೆಗ್ ಬ್ರೇಕೂ ಹೋಯಿತು. ಅರ್ಧ ಚೆಂಡು ನೆಲಕ್ಕೇ ತಾಗದೆ ಅವರ ಬ್ಯಾಟಿಗೆ ಹೋದವು, ಇನ್ನರ್ಧ ನನ್ನ ಕಾಲ ಬುಡದಲ್ಲೇ ಬಿದ್ದವು. ಸರಿಯಾಗಿ ಬಿದ್ದ ಎರಡು ಗೂಗ್ಲಿಯನ್ನು ಅವರೂ ಮೊದಲೇ ಗೊತ್ತಿದ್ದವರ ಹಾಗೆ ಹೊಡೆದರು. ನಾಲ್ಕು ಓವರ್ ಆದ ಮೇಲೆ ಬಯ್ಯಪ್ಪ ಮೇಷ್ಟ್ರು ಬಂದು ನನ್ನ ಕೈಯಿಂದ ಚೆಂಡು ತೆಗೆದುಕೊಂಡರು. ಬೈಯಲಿಲ್ಲ. ಚೆಂಡನ್ನು ಪ್ಯಾಂಟಿಗೆ ಉಜ್ಜುತ್ತಾ, "ಸ್ವಲ್ಪ ಹೊತ್ತು ಬೌಂಡರೀಲಿ ನಿಂತ್ಕೊಳಪ್ಪ, ಸುಧಾರಿಸ್ಕೊ" ಎಂದರು. ಬೈದಿದ್ದರೆ ವಾಸಿಯಿತ್ತು. ಇನ್ನೆರಡು ಆಟ ನೋಡುತ್ತೇನೆ, ಆಮೇಲೆ ಬೇರೆಯವರನ್ನು ಹಾಕಬೇಕಾಗುತ್ತದೆ ಎಂದು ರೈಲಿನಲ್ಲಿ ಹೇಳಿದರು.

ಊರಿನಲ್ಲಿ ನಾನು ಯಾರು, ನೀವೇ ಹೇಳಿ. ಮೈಯೆಲ್ಲ ಬೆಂದ ರೇಷ್ಮೆ ಹುಳದ ವಾಸನೆ ಹೊತ್ತು ಸಂಜೆ ಚರಕದ ಮನೆಯಿಂದ ಹೊರಗೆ ಬರುವವರು ನೂರು ಜನ ಇದ್ದಾರೆ. ಗೂಗ್ಲಿ ಅಂಜಿನಪ್ಪ ಒಬ್ಬನೇ ಇದ್ದ. ಅವನೂ ಹೋದರೆ ನಾನು ಆ ನೂರರಲ್ಲಿ ಒಬ್ಬ. ದಿನವೆಲ್ಲ ಬಿಸಿನೀರಿನ ಬಾಣಲೆಯ ಮುಂದೆ ಕುಳಿತು, ಹೆಬ್ಬೆರಳಿನಿಂದ ತೋರುಬೆರಳು ಸವರಿ ಸವರಿ ಗೂಡಿನ ಎಳೆ ಹುಡುಕುವ ಈ ಕೈಗೆ, ಚೆಂಡು ಹಿಡಿದರೆ ಗುರುತೇ ಸಿಗುತ್ತಿಲ್ಲ.

ಅಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಘಾಟೇ ಬರಲಿಲ್ಲ. "ಎವರಿ ದಿಷ್ಟಿ ತಗಿಲಿಂದೋ!" ಎಂದು ಲಟಿಕೆ ಮುರಿದು, ಹೊರಗಿನವರದಲ್ಲ, ನಮ್ಮವರದೇ ದೃಷ್ಟಿ ತಾಗಿದೆ ಎಂದಳು. ನಾನು ನಕ್ಕೆ.

ಈಗ ಒಂದು ಪ್ರಶ್ನೆ ಕೇಳುತ್ತೇನೆ, ಬಿಚ್ಚಿ ಹೇಳಿ. ಆರು ವರ್ಷ ನೀವು ನನ್ನ ಗೂಗ್ಲಿಯನ್ನು ಹೇಗೆ ಗುರುತಿಸುತ್ತಿದ್ದಿರಿ? ಮಣಿಕಟ್ಟು ಎಂದು ಬರೆಯಬೇಡಿ. ಕನ್ನಡಿಯ ಮುಂದೆ ನಿಂತು ನೋಡಿಕೊಂಡೆ. ಎರಡು ಚೆಂಡಿಗೂ ನನ್ನ ಮಣಿಕಟ್ಟು ಒಂದೇ ತರಹ ಕಾಣುತ್ತದೆ.

ಬೇಗ ಬರೆಯಿರಿ.

ನಿಮ್ಮ
ರಾಮಾಂಜಿನಪ್ಪ


ಗೌರಿಬಿದನೂರು
೨೨ ಡಿಸೆಂಬರ್ ೧೯೫೯
(ಕಾರ್ಡು)

ಚಿ. ಅಂಜಿಗೆ ಆಶೀರ್ವಾದ. ಉತ್ತರ ತಡವಾಯಿತು, ಮಿಲ್ಲಿನ ಕೆಲಸ. ನೀನು ಕೇಳಿದ್ದಕ್ಕೆ ಏನೆಂದು ಬರೆಯಲಿ, ಅದೆಲ್ಲ ಕಣ್ಣಿನ ಅಭ್ಯಾಸ. ಅದನ್ನು ಕೆದಕುತ್ತಾ ಕೂರಬೇಡ. ಇಲ್ಲಿ ಇಂಜಿನ್ ತೊದಲಿದರೆ ಕೆಲವರು ಎಲ್ಲ ಬಿಚ್ಚಿ ಹರಡಿಕೊಂಡು ಕೂರುತ್ತಾರೆ. ನಾನು ಹಾಗೆ ಮಾಡುವವನಲ್ಲ. ತೋಳಿನ ವಿಷಯ ನಾನು ಹೇಳಿದ್ದನ್ನು ಮರೆತುಬಿಡು. ಜನರ ಮಾತಿಗೂ ಕಿವಿ ಕೊಡಬೇಡ. ನಿಮ್ಮಕ್ಕ ಚೆನ್ನಾಗಿದ್ದಾಳೆ. ಕಾರ್ಡಿನಲ್ಲಿ ಜಾಗವಿಲ್ಲ. ನನ್ನ ಮಾತು ಇಷ್ಟೇ: ಬೌಲಿಂಗ್ ಚಾಲು.

ವೆಂ.


ಶಿಡ್ಲಘಟ್ಟ
೨೯ ಡಿಸೆಂಬರ್ ೧೯೫೯
(ಕಾರ್ಡು)

ಭಾವನವರಿಗೆ ನಮಸ್ಕಾರ. ಕಾರ್ಡು ತಲುಪಿತು. ಬೇರೆ ಯಾರು ಹೇಳಿದ್ದರೂ ಇನ್ನೊಬ್ಬರನ್ನು ಕೇಳುತ್ತಿದ್ದೆ. ನಿಮ್ಮದು ಒಂದೇ ಪದವಾದರೂ ನನಗೆ ಅಷ್ಟೇ ಸಾಕಾಯಿತು. ಅದರಂತೆಯೇ ಮಾಡಿದ್ದೇನೆ. ಮೇಷ್ಟ್ರಿಗೂ ತಿಳಿಸಿದ್ದೇನೆ. ಅಕ್ಕನಿಗೆ ನಮಸ್ಕಾರ.

ರಾಮಾಂಜಿನಪ್ಪ


ಗೌರಿಬಿದನೂರು
೬ ಜನವರಿ ೧೯೬೦

ಚಿ. ಅಂಜಿಗೆ ನಿನ್ನ ಭಾವನ ಆಶೀರ್ವಾದ.

ನಿನ್ನ ಕಾರ್ಡು ಓದಿ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ನನ್ನ ಒಂದು ಪದಕ್ಕೆ ಇಷ್ಟು ಬೆಲೆ ಕೊಟ್ಟೆಯಲ್ಲ! ನಿಮ್ಮಕ್ಕನಿಗೆ ಎರಡು ಸಲ ಓದಿ ಹೇಳಿದೆ.

ಬೆಂಗಳೂರಿಗೆ ಹೋಗಿದ್ದ ನಮ್ಮ ಮಿಲ್ಲಿನವರ ಕೈಯಲ್ಲಿ ಒಂದು ಹೊಸ ಚೆಂಡು ತರಿಸಿದ್ದೇನೆ. ಒಳ್ಳೆಯ ತೊಗಲು, ಹೊಲಿಗೆ ಇನ್ನೂ ಚೂಪಾಗಿದೆ. ಲಾರಿಯಲ್ಲಿ ಕಳುಹಿಸುತ್ತಿದ್ದೇನೆ. ಇದರಲ್ಲಿ ಅಭ್ಯಾಸ ಮಾಡು. ಇಪ್ಪತ್ತನಾಲ್ಕನೆಯ ತಾರೀಖು ನಿಮ್ಮವರು ಇಲ್ಲಿಗೆ ಬರುತ್ತಾರಲ್ಲ, ಆಗ ನೋಡೋಣ. ಆಟ ಮುಗಿದ ಮೇಲೆ ನಮ್ಮ ಮನೆಯಲ್ಲೇ ಊಟ.

ವೆಂಕಟರಾಯಪ್ಪ


ಗೌರಿಬಿದನೂರು
೨೬ ಜನವರಿ ೧೯೬೦

ಚಿ. ಅಂಜಿಗೆ,

ಇದೇನು ಮಾಡಿಕೊಂಡೆ? ಭಾನುವಾರ ನಿಮ್ಮ ಟೀಮು ಬಸ್ಸಿನಿಂದ ಇಳಿಯಿತು, ನೀನು ಇಳಿಯಲಿಲ್ಲ. ನಿಮ್ಮಕ್ಕ ಬೆಳಿಗ್ಗೆಯೇ ಅವರೆಕಾಳು ಹಿತಕಿ ಇಟ್ಟಿದ್ದಳು. ನನ್ನ ಜಾಗಕ್ಕೆ ಬಂದ ಕೀಪರ್ ನಲ್ಲಪ್ಪನನ್ನು ಕೇಳಿದರೆ ಮೇಷ್ಟ್ರ ಕಡೆ ಕೈ ತೋರಿಸಿದ. ಬಯ್ಯಪ್ಪ ಮೇಷ್ಟ್ರು ನನ್ನನ್ನು ಪಕ್ಕಕ್ಕೆ ಕರೆದು, "ನೀವೇ ಬಿಟ್ಬಿಡು ಅಂತ ಬರೆದ್ರಂತಲ್ಲ ವೆಂಕಟರಾಯಪ್ಪ, ಇನ್ನೆರಡು ಆಟ ನಾನೇ ನೋಡೋಣ ಅಂತಿದ್ದೆ" ಎಂದರು.

ನಾನು ಯಾವಾಗ ಬಿಡು ಎಂದೆ? ಕಳುಹಿಸಿದ ಚೆಂಡು ಕೂಡ ಹೋದ ವಾರ, ಸುತ್ತಿದ ಕಾಗದವನ್ನೇ ಬಿಚ್ಚದೆ, ಅದೇ ಲಾರಿಯಲ್ಲಿ ವಾಪಸು ಬಂತು. ವಿಳಾಸ ತಪ್ಪಿರಬೇಕೆಂದು ನಾನು ಸುಮ್ಮನಿದ್ದೆ. ಏನಾಯಿತೆಂದು ಬರೆ.

ವೆಂಕಟರಾಯಪ್ಪ


ಶಿಡ್ಲಘಟ್ಟ
೩ ಫೆಬ್ರವರಿ ೧೯೬೦

ಭಾವನವರಿಗೆ,

ನೀವು ಬರೆದ ಕಾರ್ಡು ನನ್ನ ಹತ್ತಿರವೇ ಇದೆ. ಇಪ್ಪತ್ತೆರಡು ಡಿಸೆಂಬರಿನದು. ಕೊನೆಯ ಸಾಲು: "ನನ್ನ ಮಾತು ಇಷ್ಟೇ: ಬೌಲಿಂಗ್ ಚಾಲು." ಇದಕ್ಕಿಂತ ಬಿಡಿಸಿ ಹೇಳಬೇಕೇ? ನಮ್ಮ ಮನೆಯಲ್ಲಿ ಕುಳಿತು ಎಷ್ಟು ಸಲ ತಟ್ಟೆಗೆ ಕೈ ಅಡ್ಡ ಹಿಡಿದು ಹೇಳಿದ ಮಾತು ಅದು. ಸಾಕು ಎಂದಿರಿ, ಸಾಕು ಮಾಡಿದೆ. ಕನ್ನಡದಲ್ಲಿ ಬರೆಯುತ್ತಾ ಬಂದವರು ಅದೊಂದು ಮಾತನ್ನು ಮಾತ್ರ ನಮ್ಮ ಮನೆಮಾತಿನಲ್ಲಿ ಬರೆದಿರಲ್ಲ, ಪೆಟ್ಟು ಮೆತ್ತಗಾಗಲಿ ಎಂದಿರಬೇಕು ಎಂದುಕೊಂಡೆ. ಮೆತ್ತಗಾಗಲಿಲ್ಲ.

ಬೇಡವೆಂದು ಹೇಳಿದ ಹದಿನೈದು ದಿನಕ್ಕೆ ಹೊಸ ಚೆಂಡು ಕಳುಹಿಸಿದಿರಿ. ಆಡುವುದನ್ನು ಬಿಟ್ಟವನಿಗೆ ಚೆಂಡು ಯಾಕೆ? ಸಮಾಧಾನಕ್ಕೆ ಆಟದ ಸಾಮಾನು ಕೊಡಲು ನಾನು ಮಗುವೇ? ಸಿಟ್ಟು ಬಂದು ವಾಪಸು ಕಳುಹಿಸಿದೆ.

ಬಿಳಿ ಪ್ಯಾಂಟು ಮಡಿಸಿ ಅಮ್ಮನ ಪೆಟ್ಟಿಗೆಗೆ ಹಾಕಿದ್ದೇನೆ. ಭಾನುವಾರವೂ ಚರಕಕ್ಕೆ ಹೋಗುತ್ತೇನೆ. ಮೈದಾನದ ದಾರಿ ಬಿಟ್ಟು ಸಂತೆ ಬೀದಿಯಲ್ಲಿ ಸುತ್ತಿಕೊಂಡು ಬರುತ್ತೇನೆ. ಆಟ ನಡೆಯುವಾಗ ಕೂಗು ಅಲ್ಲಿಗೂ ಕೇಳಿಸುತ್ತದೆ.

ರಾಮಾಂಜಿನಪ್ಪ


ಗೌರಿಬಿದನೂರು
೧೦ ಫೆಬ್ರವರಿ ೧೯೬೦

ಅಂಜೀ, ನಿಮ್ಮಕ್ಕ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ನಗಬೇಡ. ನಿನ್ನ ಕಾಗದ ಓದಿದಾಗ ನನಗೆ ಮೊದಲು ನಗು ಬಂತು, ಆಮೇಲೆ ಅಳು ಬಂತು. ಇವರು ದಿನಾ ಬೆಳಿಗ್ಗೆ ಮಿಲ್ಲಿನ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ "ಆರು ಗಂಟೆ, ಇಂಜಿನ್ ಚಾಲು" ಎಂದು ಬರೆಯುತ್ತಾರೆ ಕಣೋ. ಶುರುವಾಗಿದೆ, ನಡೆಯುತ್ತಿದೆ ಎಂದು ಅದರರ್ಥ. ನಿನಗೂ ಅದನ್ನೇ ಬರೆದಿದ್ದಾರೆ, ನಿಲ್ಲಿಸಬೇಡ ಎಂದು. ಅಮ್ಮನ ಮನೆಯಲ್ಲಿ ಅದೇ ಪದ ಬಾಯಲ್ಲಿ ಆಡಿದವರಿಗೆ ಬರೆಯುವಾಗ ನೆನಪಾಗಲಿಲ್ಲ. ಎರಡೂ ಭಾಷೆ ಗೊತ್ತಿರುವ ಗಂಡಸರಿಬ್ಬರು ಒಂದು ಪದಕ್ಕೆ ಎರಡು ತಿಂಗಳು ಹಾಳು ಮಾಡಿಕೊಂಡಿರಿ. ಆದರೆ ನೀನು ಕೇಳಿದ ಪ್ರಶ್ನೆಗೆ ಇವರು ಇನ್ನೂ ಉತ್ತರ ಕೊಟ್ಟಿಲ್ಲ. ನೀವು ಬರೆಯದಿದ್ದರೆ ನಾನು ಬರೆಯುತ್ತೇನೆ ಎಂದು ಹೇಳಿದ್ದೇನೆ. ಉಳಿದದ್ದು ಇವರದು.

ಅಂಜಿ, ನಿಮ್ಮಕ್ಕ ಮೇಲೆ ಬರೆದದ್ದು ನಿಜ. ಕೆಳಗೆ ನಾನು ಬರೆಯುವುದೂ ನಿಜ.

ನಾನು ಒಂದು ದಿನವೂ ನಿನ್ನ ಮಣಿಕಟ್ಟು ನೋಡಿದವನಲ್ಲ. ಓಡಲು ಶುರು ಮಾಡುವ ಮುಂಚೆ, ಚೆಂಡು ನಿನ್ನ ಎಡಗೈಯಲ್ಲಿರುವಾಗ, ಬಲಗೈ ಹೆಬ್ಬೆರಳಿನಿಂದ ತೋರುಬೆರಳಿನ ತುದಿಯನ್ನು ಒಂದು ಸಲ ಸವರುತ್ತೀಯ, ಗೂಡಿನಲ್ಲಿ ಎಳೆ ಹುಡುಕುವಾಗ ಮಾಡುವ ಹಾಗೆ. ಗೂಗ್ಲಿಗೆ ಮಾತ್ರ ಸವರುತ್ತೀಯ, ಬೇರೆ ಯಾವ ಚೆಂಡಿಗೂ ಇಲ್ಲ. ಅದು ನಿನಗೇ ಗೊತ್ತಿಲ್ಲ. ಮೊದಲ ವರ್ಷವೇ ನಾನು ಕಂಡುಕೊಂಡೆ. ಹೇಳಿದರೆ ನಿನ್ನ ಕೈ ಕಟ್ಟಿಹಾಕಿದಂತಾಗುತ್ತದೆ ಎಂದು ಹೇಳಲಿಲ್ಲ. ಅದು ಅರ್ಧ ಕಾರಣ. ಗೂಗ್ಲಿ ಗುರುತಿಸುವ ಕೀಪರ್ ಎಂದು ಊರು ಹೊಗಳುತ್ತಿತ್ತಲ್ಲ, ಅದನ್ನು ಕಳೆದುಕೊಳ್ಳಲು ಮನಸ್ಸಾಗಲಿಲ್ಲ. ಅದು ಇನ್ನರ್ಧ.

ಇಲ್ಲಿಗೆ ಬಂದ ಮೇಲೆ, ಮೂವತ್ತೈದು ದಾಟಿದ ಈ ಮನುಷ್ಯ ಟೀಮಿಗೆ ಯಾಕೆ ಎಂಬ ಗುಸುಗುಸು ನನ್ನ ಕಿವಿಗೆ ಬಿತ್ತು. ಒಂದು ದಿನ ಟೀ ಕುಡಿಯುತ್ತಾ ಕೋನಪ್ಪ, "ನಿಮ್ ಬಾಮೈದನ ಗೂಗ್ಲಿ ನಿಮಗೊಬ್ರಿಗೇ ಹೆಂಗ್ ಗೊತ್ತಾಗ್ತಿತ್ತು, ಹೇಳಿ ನೋಡಣ" ಎಂದ. ನಾನು ಎಲ್ಲರ ಮುಂದೆ ಟೀ ಲೋಟ ಕೆಳಗಿಟ್ಟು, ಹೆಬ್ಬೆರಳು ಸವರಿ ತೋರಿಸಿದೆ. ಎಲ್ಲರೂ ಶಭಾಷ್ ಎಂದರು. ಆ ಒಂದು ಶಭಾಷ್ ಕಿವಿಗೆ ಎಷ್ಟು ಹಿತವಾಗಿತ್ತೆಂದು ಬರೆಯಲು ನಾಚಿ ಸಾಯುತ್ತಿದ್ದೇನೆ. ನಮ್ಮ ಲಾರಿಗಳು ಹೋದ ಕಡೆಗೆಲ್ಲ ಆ ಮಾತೂ ಹೋಯಿತು, ಚಿಂತಾಮಣಿಗೆ, ಚಿಕ್ಕಬಳ್ಳಾಪುರಕ್ಕೆ.

ನಿನ್ನ ತೋಳಿಗೆ ಏನೂ ಆಗಿರಲಿಲ್ಲ. ಆ ದಿನ ಊಟಕ್ಕೆ ಬಾರದೆ ಹೋದದ್ದು ಲಾರಿಗಾಗಿ ಅಲ್ಲ, ಅತ್ತೆಯವರ ಮುಖ ನೋಡಲಾರದೆ.

ವೆಂಕಟರಾಯಪ್ಪ


ಶಿಡ್ಲಘಟ್ಟ
೨೬ ಫೆಬ್ರವರಿ ೧೯೬೦

ವೆಂಕಟರಾಯಪ್ಪನವರಿಗೆ,

ಕಾಗದ ಬಂದು ಎರಡು ವಾರವಾಯಿತು. ಬರೆಯದೆ ಇರೋಣವೆಂದಿದ್ದೆ.

ಹೆಬ್ಬೆರಳಿನ ವಿಷಯ ಹೇಗೋ ನುಂಗಿಕೊಳ್ಳಬಹುದು. ಹೊಸ ಊರು, ಹೊಗಳಿಕೆಯ ಆಸೆ, ಬಾಯಿ ಜಾರಿತು ಎಂದುಕೊಳ್ಳಬಹುದು. ತೋಳಿನ ವಿಷಯ ಹಾಗಲ್ಲ. ಏನಾಗಿದೆಯೆಂದು ನಾನು ನಿಮ್ಮನ್ನೇ ಕೇಳಿದೆ. ಗೊತ್ತಿದ್ದೂ ನೀವು ಸುಳ್ಳು ಹೇಳಿದಿರಿ. ಆ ಸುಳ್ಳನ್ನು ನಂಬಿ ನಾನು ಭುಜ ಊದಿಸಿಕೊಂಡು, ಕೈಯಲ್ಲಿದ್ದ ಲೆಗ್ ಬ್ರೇಕನ್ನೂ ಕಳೆದುಕೊಂಡೆ. ಅಮ್ಮ ಎಣ್ಣೆ ತಿಕ್ಕುವಾಗ "ಭಾವ ಹೇಳಿದ್ರೆ ಸರೀಗೇ ಇರ್ತದೆ" ಎಂದು ನಾನೇ ಅವಳಿಗೆ ಸಮಾಧಾನ ಹೇಳಿದ್ದೆ.

ಅಮ್ಮನಿಗೆ ಇದ್ಯಾವುದನ್ನೂ ತಿಳಿಸಿಲ್ಲ. ಅಕ್ಕ ಯಾವಾಗ ಬೇಕಾದರೂ ಬರಲಿ.

ರಾಮಾಂಜಿನಪ್ಪ


ಗೌರಿಬಿದನೂರು
೧೮ ಜುಲೈ ೧೯೬೦

ಅಂಜಿ,

ಇದು ನಾಲ್ಕನೆಯ ಕಾಗದ. ಹಿಂದಿನ ಮೂರಕ್ಕೆ ನೀನು ಉತ್ತರ ಬರೆಯಲಿಲ್ಲ. ಬರೆಯಬೇಕೆಂದು ನಾನು ಕೇಳುವ ಹಾಗೂ ಇಲ್ಲ. ಯುಗಾದಿಗೆ ನಿಮ್ಮಕ್ಕ ಒಬ್ಬಳೇ ಬಂದು ಹೋದಳು. ಅತ್ತೆಯವರು ಅಳಿಯ ಯಾಕೆ ಬರಲಿಲ್ಲ ಎಂದು ಕೇಳಿದರಂತೆ, ನೀನು ಎದ್ದು ಹೊರಗೆ ಹೋದೆಯಂತೆ.

ಒಂದು ವಿಷಯ ತಿಳಿಸಲು ಬರೆಯುತ್ತಿದ್ದೇನೆ. ನಾನು ಟೀಮು ಬಿಟ್ಟಿದ್ದೇನೆ. ಗ್ಲೌಸ್ ಕೋನಪ್ಪನ ಮೇಜಿನ ಮೇಲೆ ಇಟ್ಟು ಬಂದೆ. ಇದರಿಂದ ನಿನ್ನದು ನಿನಗೆ ವಾಪಸು ಬರುವುದಿಲ್ಲ, ನನಗೆ ಗೊತ್ತು. ಬೇರೇನು ಮಾಡಬೇಕೋ ತಿಳಿಯಲಿಲ್ಲ.

ವೆಂಕಟರಾಯಪ್ಪ


ಶಿಡ್ಲಘಟ್ಟ
೪ ನವೆಂಬರ್ ೧೯೬೦

ವೆಂಕಟರಾಯಪ್ಪನವರಿಗೆ,

ನೀವು ಟೀಮು ಬಿಟ್ಟದ್ದರಿಂದ ನನಗೇನೂ ಉಪಕಾರವಿಲ್ಲ. ಹೋಗಿ ಗ್ಲೌಸ್ ವಾಪಸು ತೆಗೆದುಕೊಳ್ಳಿ.

ಮಾರ್ಚಿನಿಂದ ನಾನು ಪಟ್ಟದ್ದನ್ನು ಚುಟುಕಾಗಿ ಬರೆಯುತ್ತೇನೆ. ಮೊದಲು ಹೆಬ್ಬೆರಳಿಗೆ ಬಟ್ಟೆ ಸುತ್ತಿದೆ. ಬೆರಳೇನೋ ಸುಮ್ಮನಾಯಿತು, ಗೂಗ್ಲಿಯೂ ಸತ್ತಿತು. ಸವರದಿದ್ದರೆ ಆ ಚೆಂಡು ನನ್ನ ಕೈಯಿಂದ ಬರುವುದೇ ಇಲ್ಲ. ಹಗಲೆಲ್ಲ ಚರಕದಲ್ಲಿ ಸವರುವ ಬೆರಳನ್ನು ಸಂಜೆ ಅರ್ಧ ಗಂಟೆ ಬೇಡ ಎಂದರೆ ಕೇಳುತ್ತದೆಯೇ? ಬೇಸಗೆಯೆಲ್ಲ ಅದರ ಜೊತೆ ಗುದ್ದಾಡಿದೆ. ಒಂದು ದಿನ ಸಿಟ್ಟಿಗೆ ಗೋಡೆಗೆ ಕೈ ಗುದ್ದಿಕೊಂಡು ಎಂಟು ದಿನ ಕೆಲಸವೂ ಇಲ್ಲದೆ ಕೂತೆ. ತೋಳನ್ನು ಹಳೆಯ ಜಾಗಕ್ಕೆ ಇಳಿಸಲು ಮೂರು ತಿಂಗಳು ಹಿಡಿಯಿತು. ನಲ್ಲಪ್ಪ ದಿನಾ ಸಂಜೆ ಬಂದು ಬರಿಗೈಯಲ್ಲಿ ಚೆಂಡು ಹಿಡಿದ. ನಾನು ಅವನನ್ನು ದಡ್ಡನೆಂದುಕೊಂಡಿದ್ದೆ. ಅವನಷ್ಟು ತಾಳ್ಮೆ ನನಗಿಲ್ಲ.

ಈಗ ಬಯ್ಯಪ್ಪ ಮೇಷ್ಟ್ರು ಒಂದು ಆಟ ಕೊಟ್ಟಿದ್ದಾರೆ. ಒಂದೇ. ಇಪ್ಪತ್ತನೆಯ ತಾರೀಖು, ಇಲ್ಲೇ, ನಿಮ್ಮ ಊರಿನ ಮೇಲೆ. ಆ ದಿನ ಆಗದಿದ್ದರೆ ಮುಗಿಯಿತು, ಆಮೇಲೆ ಯಾರ ಕಾರ್ಡೂ ಬೇಕಿಲ್ಲ. ಬೇರೆಯವರೆಲ್ಲ ಕೇಳಿ ತಿಳಿದವರು, ನೀವು ಆರು ವರ್ಷ ಕಂಡವರು. ನಿಮ್ಮ ಎದುರು ಆಗದ್ದು ಬೇರೆಯವರ ಎದುರು ಆದರೂ ನನಗೆ ನೆಮ್ಮದಿಯಿಲ್ಲ. ಬಂದು ಆಡಿ. ಕಣ್ಣು ಬಿಟ್ಟು ಆಡಿ. ಬೇಕೆಂದು ಔಟಾದರೆ ಅದೂ ನನಗೆ ಗೊತ್ತಾಗುತ್ತದೆ.

ರಾಮಾಂಜಿನಪ್ಪ


ಗೌರಿಬಿದನೂರು
೨೨ ನವೆಂಬರ್ ೧೯೬೦

ಅಂಜಿ,

ನನ್ನ ಕಡೆಯ ಲೆಕ್ಕ ನಾನು ಒಪ್ಪಿಸುತ್ತೇನೆ.

ಬ್ಯಾಟ್ ಹಿಡಿದು ನಿಂತಾಗ ನೀನು ಹೇಳಿದಂತೆ ಕಣ್ಣು ಬಿಟ್ಟೇ ಇದ್ದೆ. ಮೊದಲ ಚೆಂಡಿಗೆ ನೀನು ಹೆಬ್ಬೆರಳು ಸವರಿದೆ. ಗೂಗ್ಲಿ ಬಂತು, ಎರಡು ರನ್ ಓಡಿದೆ. ಅಯ್ಯೋ, ಇವನು ಇನ್ನೂ ಅಲ್ಲೇ ಇದ್ದಾನಲ್ಲ ಎಂದು ಅಳು ಬರುವ ಹಾಗಾಯಿತು. ಎರಡನೆಯದಕ್ಕೂ ಸವರಿದೆ. ಅದೂ ಗೂಗ್ಲಿ, ನಾಲ್ಕು ಹೋಯಿತು. ಮೂರನೆಯದಕ್ಕೂ ಸವರಿದೆ. ನಾನು ಮುಂದೆ ನುಗ್ಗಿ, ಒಳಗೆ ಬರುವ ಚೆಂಡಿಗೆ ಬ್ಯಾಟ್ ಬೀಸಿದೆ. ಚೆಂಡು ಹೊರಕ್ಕೆ ತಿರುಗಿತು. ಹಿಂದೆ ನಲ್ಲಪ್ಪನ ಕೈಯಲ್ಲಿ ಬೇಲ್ಸ್ ಹಾರಿದ ಸದ್ದು ಕೇಳಿದಾಗಲೇ ನನಗೆ ತಿಳಿದದ್ದು. ಆ ಸದ್ದನ್ನು ನಿನಗಾಗಿ ಆರು ವರ್ಷ ನಾನು ಮಾಡಿದ್ದೆ. ಅದು ಎದುರಿನವನಿಗೆ ಹೇಗೆ ಕೇಳಿಸುತ್ತದೆಂದು ಮೊನ್ನೆ ಗೊತ್ತಾಯಿತು.

ಆಮೇಲೆ ಮರದ ಕೆಳಗೆ ಕುಳಿತು ನೋಡಿದೆ. ಆರಕ್ಕೆ ಆರು ಚೆಂಡಿಗೂ ಸವರುತ್ತಿದ್ದೀಯ! ಕೋನಪ್ಪ ಎರಡು ಸಿಕ್ಸರ್ ಹೊಡೆದನಾದರೂ ಮೂರನೆಯದಕ್ಕೆ ಬಾಯಿ ಬಿಟ್ಟುಕೊಂಡು ನಿಂತನಲ್ಲ, ಹಳೆಯ ತರಹವೇ. "ನಿಮ್ ಗುರುತು ಸುಳ್ಳಲ್ರೀ ಮೇಸ್ತ್ರಿ!" ಎಂದು ನನ್ನ ಮೇಲೆ ಎಗರಾಡಿದ. ನನ್ನ ಜೀವಮಾನದಲ್ಲಿ ಯಾವ ಬೈಗುಳವೂ ಅಷ್ಟು ಸಿಹಿಯಾಗಿರಲಿಲ್ಲ. ನಿಮ್ಮ ಟೀಮು ಒಂಬತ್ತು ರನ್ನಿನಿಂದ ಸೋತಿತು, ಆದರೆ ನಿನಗೆ ನಾಲ್ಕು ವಿಕೆಟ್ ಬಂದವು.

ಆಟ ಮುಗಿದ ಮೇಲೆ ನಿಮ್ಮ ಬೀದಿಯ ತಿರುವಿನವರೆಗೂ ಬಂದೆ. ಅತ್ತೆಯವರು ಹೊಸ್ತಿಲಲ್ಲಿ ನಿಂತಿದ್ದರು. ತಿರುಗಿ ಲಾರಿಗೆ ಹೋದೆ. ನೀನು ಕರೆಯದೆ ಆ ಮನೆಯಲ್ಲಿ ತಟ್ಟೆಯ ಮುಂದೆ ಕೂರುವ ಮುಖ ನನಗಿಲ್ಲ.

ವೆಂಕಟರಾಯಪ್ಪ


ಶಿಡ್ಲಘಟ್ಟ
೨೮ ನವೆಂಬರ್ ೧೯೬೦
(ಕಾರ್ಡು)

ಭಾವನವರಿಗೆ ಅಂಜಿನಿಯ ನಮಸ್ಕಾರ. ನೀವು ತಿರುವಿನಿಂದಲೇ ವಾಪಸು ಹೋದದ್ದನ್ನು ಅಮ್ಮ ನೋಡಿದಳು. ಇಷ್ಟು ದಿನ ಮುಚ್ಚಿಟ್ಟದ್ದನ್ನೆಲ್ಲ ಅವಳಿಗೆ ಹೇಳಬೇಕಾಯಿತು. ನಿಮಗೆಂದು ಮಾಡಿದ ಮುದ್ದೆಯನ್ನು ನನ್ನ ತಟ್ಟೆಗೇ ಹಾಕಿ, ಒಳಗೆ ಹೋದಳು. ನೀವು ಕೇಳದಿದ್ದರೂ ಹೇಳುತ್ತೇನೆ: ಬೆರಳನ್ನು ನಿಲ್ಲಿಸಲು ಆಗದೆ ಅಳುತ್ತಾ ಚರಕದ ಮುಂದೆ ಕುಳಿತಿದ್ದಾಗ ಆ ಉಪಾಯ ಹೊಳೆಯಿತು. ಅಲ್ಲಿ ಗೂಡು ಒಳ್ಳೆಯದಿರಲಿ, ಜೊಳ್ಳಿರಲಿ, ಪ್ರತಿಯೊಂದಕ್ಕೂ ಸವರುತ್ತೇನೆ. ಮೈದಾನದಲ್ಲಿ ಒಂದಕ್ಕೇ ಯಾಕೆ? ಮೇಷ್ಟ್ರು ಉಳಿದ ಆಟಕ್ಕೆಲ್ಲ ಹೆಸರು ಬರೆದುಕೊಂಡಿದ್ದಾರೆ. ಹಳೆಯ ಚೆಂಡು ಹರಿದಿದೆ, ಆ ಹೊಸ ಚೆಂಡು ಇನ್ನೂ ಇದ್ದರೆ ತನ್ನಿ. ಲಾರಿಯಲ್ಲಿ ಕಳುಹಿಸಬೇಡಿ, ಭಾನುವಾರ ನೀವೇ ತನ್ನಿ. ಕಾರ್ಡಿನಲ್ಲಿ ಜಾಗವಿಲ್ಲ. ನನ್ನ ಮಾತು ಇಷ್ಟೇ: ಕೋಪ ಚಾಲು. ಇದನ್ನು ಅಕ್ಕನ ಕೈಯಲ್ಲಿ ಓದಿಸಿ.

ಅಂಜಿ